ಶೈಬಾ, ವಯಸ್ಸು ಇಪ್ಪತ್ತಾರು

ಲುಹರ್ ಬಾಂಗಿಗೂ ಅಸರ್ ಬಾಂಗಿಗೂ ನಡುವೆ
ಮುಹರ್ರಕ್ಕಿನ ಓಣಿಯಲ್ಲಿ ಬೆಕ್ಕೂ ಸುಳಿಯುವುದಿಲ್ಲ.
ಕೋಲ್ಡ್ ಸ್ಟೋರಿನ ಶಟರನ್ನು ಅರ್ಧಕ್ಕೆ ಎಳೆದು
ಕೌಂಟರಿನ ಮೇಲೆ ಹರಡಿಕೊಳ್ಳುತ್ತೇನೆ
ಯುದ್ಧದ ಕಾಲದ ಜನಗಣತಿಯ ನಕಲು ಹಾಳೆಗಳನ್ನು.
ತಂದುಕೊಟ್ಟವರು ದಫ್ತರಖಾನೆಯ ಬದ್ರಿಯಾ ಮೇಡಂ.
ದಿನಾ ಒಂದು ಲಬಾನ್, ಎರಡು ಖುಬೂಸು,
ಲೆಕ್ಕ ತಿಂಗಳ ಕೊನೆಗೆ.

ಹುಡುಕುತ್ತಿರುವುದು ಚೆಯ್ಯಬ್ಬನನ್ನು,
ಬೆಲ್ಯುಮ್ಮನ ಅಪ್ಪನನ್ನು.
ಬೆಂಗರೆಯಿಂದ ಹಂಚು ತುಂಬಿದ ಪತ್ತೆಮಾರಿ ಹತ್ತಿದಾಗ
ಬೆಲ್ಯುಮ್ಮ ಹೊಟ್ಟೆಯೊಳಗೆ ಐದು ತಿಂಗಳು.
ಹಂಚು ತಲುಪಿತಂತೆ. ಹಂಚಿನ ದುಡ್ಡೂ ಬಂತಂತೆ.
ಆಮೇಲೆ ಒಂದು ಕಾಗದ, ಯಾರದೋ ಕೈಬರಹ:
ಬಹ್ರೈನಿನಲ್ಲಿ ಇಳಿದಿದ್ದೇನೆ,
ಮಳೆಗಾಲ ಕಳೆದು ಬರುತ್ತೇನೆ.
ಎಂಬತ್ತು ಮಳೆಗಾಲ ಕಳೆದು
ಮೇಲೆ ಎರಡೋ ಮೂರೋ.

ಎರಡು ತಿಂಗಳು ನಾನು ಚ ಹುಡುಕಿದೆ.
ಜೀಮ್ ಸಾಲುಗಳಲ್ಲಿ ಬೆರಳಿಟ್ಟು ಹುಡುಕಿದೆ,
ಸೀನ್ ಸಾಲುಗಳಲ್ಲಿ.
ಆ ಲಿಪಿಯಲ್ಲಿ ಚ ಇಲ್ಲವೆಂದು
ಮದರಸದಲ್ಲಿ ಬೆತ್ತ ತಿಂದು ಕಲಿತದ್ದು ಏಳನೇ ವಯಸ್ಸಿಗೆ,
ಮಂಡೆಗೆ ಹೊಳೆದದ್ದು ನಲವತ್ತಾರಕ್ಕೆ,
ಮೊಟ್ಟೆಯ ಟ್ರೇ ಎತ್ತುವಾಗ.

ಶೀನ್ ಕೆಳಗೆ ಸಿಕ್ಕ.
ಮುತ್ತಿನ ದೋಣಿಯ ನೂಖದ ಒಬ್ಬನ ಮನೆ.
ಗಂಡಸರು ಹನ್ನೊಂದು, ಹೆಸರು ಸಮೇತ.
ಹೆಂಗಸರು ಆರು, ಬರೀ ಅಂಕಿ.
ಹನ್ನೊಂದನೆಯ ಸಾಲು, ಮಸಿ ಕದಡಿದ್ದು:
ಶೈಬಾ. ಇಪ್ಪತ್ತಾರು. ಹಿಂದ್. ಅಡುಗೆ.

ಬದ್ರಿಯಾ ಮೇಡಂ ಕನ್ನಡಕ ಏರಿಸಿ ನಕ್ಕೇಬಿಟ್ಟರು.
ಶೈಬಾ ಎಂದರೆ ನಮ್ಮಲ್ಲಿ ತಲೆ ನರೆತ ಮುದುಕ,
ಇಪ್ಪತ್ತಾರರ ಹುಡುಗನಿಗೆ ಯಾರಿಟ್ಟರಪ್ಪ ಇದನ್ನು?

ಯಾರೂ ಇಟ್ಟದ್ದಲ್ಲ.
ಅಂಗಳದಲ್ಲಿ ನಿಂತ ಗಣತಿಯವ
ಬೆವರೊರೆಸಿಕೊಂಡು ಹೆಸರೇನು ಎಂದಿರಬೇಕು,
ಒಳಗೆ ಅನ್ನ ಬಾಗಿಸುತ್ತಿದ್ದವನು
ಹಬೆಯ ಆಚೆಯಿಂದ ಚೆಯ್ಯಬ್ಬ ಎಂದಿರಬೇಕು,
ಕಿವಿಗೆ ಬಿದ್ದಷ್ಟನ್ನು ಬರೆದು ಅವ
ಮುಂದಿನ ಮನೆಗೆ ಹೋಗಿರಬೇಕು.
ಇರಬೇಕು, ಇರಬೇಕು.
ಅವನಿಗೆ ಅಡುಗೆ ಬರುತ್ತಿತ್ತೇ ಎಂದು ಕೇಳಲೂ
ಅವನ ಕೈಯಡುಗೆ ಉಂಡವರು ಯಾರಿದ್ದಾರೆ?

ಗಣತಿಯವನನ್ನು ಬಯ್ಯಲು ನನಗೆ ಬಾಯಿಲ್ಲ.
ನನ್ನ ಸಾಲದ ಪುಸ್ತಕ ಪಕ್ಕದಲ್ಲೇ ಬಿದ್ದಿತ್ತು ತೆರೆದು:
ನೀಲಿ ಗೇಟು, ಒಂದೂವರೆ ದಿನಾರು.
ಮೂರನೇ ಮಹಡಿ ಕೆಮ್ಮು.
ಉದ್ದ ನೇಪಾಳಿ. ಗಿಡ್ಡ ನೇಪಾಳಿ.
ಲಬಾನ್ ಮೇಡಂ.
ಕನ್ನಡ ಅವರಿಗೆ ಬಾರದು, ಗೊತ್ತು.
ಆದರೂ ಬಿಸ್ಕಿಟಿನ ಡಬ್ಬಿಯನ್ನು ಮೆಲ್ಲಗೆ
ಅದರ ಮೇಲಿಟ್ಟೆ.

ರಾತ್ರಿ ಊರಿಗೆ ಫೋನು.
ಬೆಲ್ಯುಮ್ಮನ ಕಿವಿ ಮಂದ, ಕಿರುಚಿಯೇ ಹೇಳಬೇಕು,
ಓಣಿಗೆಲ್ಲ ಕೇಳಿಸಿತು ನಮ್ಮ ಮನೆಯ ಸಂಗತಿ.
ಪುಸ್ತಕದಲ್ಲಿ ಇದ್ದಾನೆ. ಹೆಸರು ಮಾತ್ರ ಶೈಬಾ ಅಂತ.
ಹಾಗೆಂದರೆ?
ತಲೆ ನರೆತವ.

ಆ ಕಡೆ ಫ್ಯಾನಿನ ಕಟಕಟ ಅಷ್ಟೇ.
ಅವಳಿಗೆ ಅಪ್ಪ ಎಂದರೆ
ಅವಳ ಉಮ್ಮ ಹೇಳಿಟ್ಟುಹೋದ ಒಂದೇ ಗುರುತು:
ಕಪ್ಪು ಗುಂಗುರು ಕೂದಲು, ಎಷ್ಟು ಎಣ್ಣೆ ಹಾಕಿದರೂ ಮಲಗದ್ದು.
ಆ ಕೂದಲಿನಷ್ಟೇ ಪ್ರಾಯದ ಅಪ್ಪನನ್ನು
ಹಲ್ಲುದುರಿದ ಮೇಲೂ ಅವಳು ಕಾದವಳು.

ಹಾಗಾದರೆ ನರೆ ಬಂದಿತ್ತು ಅವನಿಗೆ, ಎಂದಳು.
ಕಡಲಲ್ಲಿ ಹೋದವನಲ್ಲ.
ಅಷ್ಟು ದಿವಸ ಇದ್ದ.

ವಯಸ್ಸಿನ ಕಲಮನ್ನು ಓದಿ ಹೇಳಬೇಕಿತ್ತು ನಾನು.
ಹಾಳೆ ಕೈಯಲ್ಲೇ ಇತ್ತು, ದೀಪವೂ ಇತ್ತು.

ಪೂರ್ತಿ ಬೆಳ್ಳಗಾಗಿತ್ತಾ? ಎಂದು ಕೇಳಿದಳು.

ಪೂರ್ತಿ, ಎಂದು ಕಿರುಚಿದೆ.